ಕೊಂಡಿ ಹಾಕುವ ಕೈಗಳು

14 ಜೂನ್ 2008, ಶನಿವಾರ. ಸಂಜೆ

ಮತ್ತೆ ಮಲಿಕಾಳ ಸೈಬರ್ ಕೆಫೆ. ಫ್ಯಾನಿನ ಗಾಳಿ ತಲುಪದ ಮೂಲೆಯ ಮಷಿನ್. ಹುನಗುಂದದ ಶಾಲೆಯಿಂದ ಇಳಕಲ್‌ವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಹತ್ತನೆಯ ತರಗತಿಯ ಟೆಸ್ಟ್ ಪೇಪರುಗಳು ಚೀಲದಲ್ಲಿ ಹಾಗೇ ಇವೆ.

ವಿಕಿಪೀಡಿಯದಲ್ಲಿ ಇಳಕಲ್ ಮಗ್ಗದ ಬಗ್ಗೆ ಬರೆಯುತ್ತಿರುವ ಪುಟಕ್ಕೆ ಏಳು ಫೋಟೊ ಅಪ್‌ಲೋಡ್ ಮಾಡಬೇಕಿತ್ತು. ಎರಡಾಯಿತು. ಸಣ್ಣದು ಮಾಡಿದರೆ ಎಳೆ ಕಾಣುವುದಿಲ್ಲ, ದೊಡ್ಡದಿಟ್ಟರೆ ಏರುವುದಿಲ್ಲ. ಅರ್ಧ ತಾಸು ಕಾದ ಮೇಲೆ ಲೈನ್ ಕಟ್. ಮತ್ತೆ ಮೊದಲಿನಿಂದ.

ಏರಿದ ಎರಡರಲ್ಲಿ ಒಂದು ಚೆನ್ನಾಗಿದೆ. ಪಕ್ಕದ ಮನೆಯ ಕಾಳವ್ವ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಕೊಂಡಿ ಹಾಕುತ್ತಿರುವುದು. ಸೀರೆಯ ಒಡಲಿನ ನೂಲಿಗೆ ಸೆರಗಿನ ರೇಷ್ಮೆಯನ್ನು ಎಳೆ ಎಳೆಯಾಗಿ ಸಿಕ್ಕಿಸಿ ಸೇರಿಸುವ ಕೆಲಸ. ಅರವತ್ತು ದಾಟಿದ ಮುಖದ ಮೇಲೆ ಕಿಟಕಿಯ ಬೆಳಕು. ತುಟಿಯ ನಡುವೆ ಒಂದು ಎಳೆ.

ಕ್ಯಾಮರಾ ನೋಡಿ ಕೇಳಿದ್ದಳು, "ಇದು ಎಲ್ಲಿಗೆ ಹೋಗತೈತ್ರಿ ಟೀಚರ?"

"ಕಂಪ್ಯೂಟರಿಗೆ. ಸಾಲಿ ಹುಡುಗರು ನೋಡ್ಲಿಕ್ಕೆ."

"ಹಂಗಾರ ತಕ್ಕೋರಿ."

17 ಜೂನ್, ಮಂಗಳವಾರ

ಯಾರೋ ಸಂದೇಶ ಹಾಕಿದ್ದಾರೆ. ಎರಡೂ ಫೈಲಿಗೆ ಲೈಸೆನ್ಸ್ ತಿಳಿಸಿಲ್ಲ, ಏಳು ದಿನದಲ್ಲಿ ತಿಳಿಸದಿದ್ದರೆ ಅಳಿಸಲಾಗುವುದು.

ಲೈಸೆನ್ಸ್‌ಗಳ ಪಟ್ಟಿ ತೆರೆದೆ. ಯಾರು ಬೇಕಾದರೂ ಬಳಸಬಹುದು — ವ್ಯಾಪಾರಕ್ಕೂ. ಬದಲಿಸಬಹುದು. ಫೋಟೊ ತೆಗೆದವರ ಹೆಸರು ಹೇಳಬೇಕು, ಬದಲಿಸಿದ್ದರೆ ಅದನ್ನೂ ಹೇಳಬೇಕು, ಅಷ್ಟೆ. ಒಮ್ಮೆ ಕೊಟ್ಟರೆ ಹಿಂತೆಗೆದುಕೊಳ್ಳುವಂತಿಲ್ಲ. ಓದಿದೆ. ಕಣ್ಣು ಉರಿಯುತ್ತಿತ್ತು. ಕಾಳವ್ವನಿಗೆ ಇನ್ನೊಮ್ಮೆ ಹೋಗಿ ಹೇಳಬೇಕೇ ಎಂದು ಒಂದು ಕ್ಷಣ ಅನ್ನಿಸಿತು... ಟಿಕ್ ಮಾಡಿದೆ.

2 ಜುಲೈ

ಏಳೂ ಏರಿದವು. ಖುಷಿಪಡಲು ತ್ರಾಣವಿಲ್ಲ.

23 ಆಗಸ್ಟ್, ಶನಿವಾರ

ಕಾಳವ್ವನ ಮಗ ಮಲ್ಲು ಬಾಗಿಲಲ್ಲಿ ನಿಂತಿದ್ದ. ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯಲ್ಲಿ ಕೆಲಸ. ಮೈಯೆಲ್ಲ ಬಿಳಿ ಧೂಳು. ಕಲ್ಲಿನ ಲೋಡಿನ ಜೊತೆ ಹುಬ್ಬಳ್ಳಿಗೆ ಹೋಗಿ ಬಂದವನು ಮನೆಗೂ ಹೋಗದೆ ನೇರ ಇಲ್ಲಿಗೆ.

"ಟೀಚರ, ನಮ್ಮವ್ವನ್ನ ಮಾರ್ಕೊಂಡ್ರೇನ್ರಿ?"

ಅರ್ಥವಾಗಲಿಲ್ಲ. ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ಇಳಿದಾಗ ನೋಡಿದನಂತೆ — ಅಂಗಡಿಗಳ ಮೇಲೆ ದೊಡ್ಡ ಫ್ಲೆಕ್ಸ್. ಅದರಲ್ಲಿ ಅವರವ್ವ. ಬಾದಾಮಿಯ ಯಾವುದೋ ಸೀರೆ ಅಂಗಡಿಯ ಜಾಹೀರಾತು.

"ಡ್ರೈವರ್ ನಗಾಕತ್ತಿದ್ದ. ನಿಮ್ಮವ್ವ ಯಾವಾಗ ಮಾಡೆಲ್ ಆದಳಲೇ ಅಂದ. ನಾ ಏನ್ ಹೇಳಲಿ? ಸಾಲಿ ಹುಡುಗರು ನೋಡಾಕ ಅಂದಿದ್ರಿ ನೀವು."

ನಾನು ಏನೋ ಲೈಸೆನ್ಸ್ ಎಂದು ಶುರುಮಾಡಿದೆ. ಆತ ಕೈ ಎತ್ತಿ ತಡೆದು ಹೊರಟುಹೋದ.

ಒಳಗಿನಿಂದ ಅತ್ತೆ ವಿಮಲಾಬಾಯಿ ಎಲ್ಲ ಕೇಳಿಸಿಕೊಂಡಿದ್ದರು. "ರಂಜನಾ, ನೀ ಅಕಿಗೆ ಖರೆ ಹೇಳಿದ್ದಿ ಏನು?"

ಅನ್ನಕ್ಕಿಡಬೇಕು ಎಂದು ಎದ್ದೆ.

24 ಆಗಸ್ಟ್, ಭಾನುವಾರ. ಸಂಜೆ 7

ಒಬ್ಬಳೇ ಹೋಗಿ ನೋಡಿಬರುವವಳಿದ್ದೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಕಾಳವ್ವ ಆಗಲೇ ನಿಂತಿದ್ದಳು; ಅತ್ತೆ ಹೇಳಿರಬೇಕು. "ನಾನೂ ಬರ್ತೇನಿ. ನನ್ನ ಮಾರಿ ನಾ ನೋಡಬೇಕಲ್ಲ." ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ.

ಬಾದಾಮಿಯಲ್ಲಿ ಬಸ್ ಬದಲಿಸಿ ಕ್ರಾಸಿಗೆ ಹೋಗಿ ಇಳಿದಾಗ ಹನ್ನೊಂದೂವರೆ. ಹುಡುಕುವುದೇ ಬೇಕಾಗಲಿಲ್ಲ. ಟೈರ್ ಪಂಕ್ಚರ್ ಅಂಗಡಿಯ ಮೇಲೆ ಹನ್ನೆರಡು ಅಡಿಯ ಕಾಳವ್ವ. ‘ಅಪ್ಪಟ ಕೈಮಗ್ಗದ ಇಳಕಲ್ ಸೀರೆಗಳು’. ಕೆಳಗೆ ಬಾದಾಮಿಯ ವಿಳಾಸ.

ನಾನು ನೋಡಿದ್ದು ಮುಖ ಮಾತ್ರ. ನನ್ನದೇ ಫೋಟೊ. ಚಹಾ ಕುಡಿಯುತ್ತಿದ್ದವರು ಒಮ್ಮೆ ಮೇಲೆ, ಒಮ್ಮೆ ಈಕೆಯತ್ತ ನೋಡತೊಡಗಿದರು. ಕಾಳವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆದರೆ ಅಲ್ಲಿಂದ ಕದಲಲಿಲ್ಲ. ಎಷ್ಟೋ ಹೊತ್ತು ನೋಡಿದಳು.

"ಈ ಸೀರಿ ನಂದಲ್ಲ."

ಆಗ ನೋಡಿದೆ. ಮಗ್ಗದ ಮೇಲೆ ಇದ್ದದ್ದು ಕೆಂಪು ಸೆರಗು, ಬಿಳಿ ತೆನೆಯ ಚಿತ್ತಾರ. ಫ್ಲೆಕ್ಸಿನಲ್ಲಿ ಹೊಳೆಯುವ ಹಸಿರು, ಜರಿಯ ಬುಟ್ಟಾ. ಯಾವುದೋ ಪವರ್‌ಲೂಮ್ ಸೀರೆಯನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಆಕೆಯ ಕೈಯ ಕೆಳಗೆ ಅಂಟಿಸಿದ್ದಾರೆ.

"ಎಳಿನ ಇಲ್ಲ ಇದರಾಗ. ಕೊಂಡಿ ಇಲ್ಲ. ನನ್ನ ಕೈ ಅಲ್ಲಿ ಏನ್ ಮಾಡಾಕತ್ತಾವ?"

ಬಾದಾಮಿಗೆ ಮರಳಿ ಅಂಗಡಿಗೆ ಹೋದೆವು. ಮಾಲೀಕ ಚಂದ್ರಶೇಖರಪ್ಪ ಒಳ್ಳೆಯ ಮಾತಿನ ಮನುಷ್ಯ. ಕಾಳವ್ವನನ್ನು ಕಂಡು ಮೊದಲು ಗುರುತು ಸಿಗದೆ, ಆಮೇಲೆ ಸಿಕ್ಕು, ಎದ್ದೇ ನಿಂತ. ಗಾದಿಯ ಮೇಲೆ ಕೂರಿಸಿ ಚಹಾ ತರಿಸಿದ.

"ಫ್ಲೆಕ್ಸ್ ಮಾಡಾಂವ ನೆಟ್‌ನ್ಯಾಗಿಂದ ತಗೊಂಡಾನ್ರಿ. ಫ್ರೀ ಐತಿ ಅಂದ."

"ಫ್ರೀನ ಅದ. ಆದ್ರ ಬದಲಿ ಮಾಡಿದ್ದು ಹೇಳಬೇಕು. ಹೆಸರು ಹಾಕಬೇಕು."

"ಯಾರ ಹೆಸರ್ರಿ?"

"ನಂದು," ಎಂದೆ.

ನಿಯಮದಲ್ಲಿ ಇರುವುದು ಅದೇ, ಫೋಟೊ ತೆಗೆದವರ ಹೆಸರು. ಪಕ್ಕದಲ್ಲಿ ಕಾಳವ್ವ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದಳು. ಆಕೆ ನನ್ನತ್ತ ನೋಡಲಿಲ್ಲ.

ಚಂದ್ರಶೇಖರಪ್ಪ ಅದೇ ಹಸಿರು ಸೀರೆಯೊಂದನ್ನು ತೆಗೆದು ಆಕೆಯ ಮಡಿಲಿಗಿಟ್ಟ. "ಇದು ನಮ್ಮ ಮರ್ಯಾದಿ ಯವ್ವಾ." ಕಾಳವ್ವ ಮಡಿಕೆ ಬಿಚ್ಚಿ, ಸೆರಗು ಶುರುವಾಗುವಲ್ಲಿ ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಮತ್ತೆ ಅದೇ ಮಡಿಕೆಗೆ ಮಡಚಿ ಗಾದಿಯ ಮೇಲಿಟ್ಟಳು.

"ಮಷಿನ್ ನೇಯ್ದದ್ದನ್ನ ಮಷಿನ್ ನೇಯ್ದೈತಿ ಅಂತ ಮಾರ್ರಿ. ಯಾರ ಬ್ಯಾಡ ಅಂತಾರ? ನಿಮ್ಮ ಸುಳ್ಳು ನನ್ನ ಮಾರಿಲೆ ಯಾಕ ಹೇಳಸ್ತೀರಿ?"

ದಸರೆಗೆ ಹೊಸ ಫ್ಲೆಕ್ಸ್ ಬರುತ್ತದೆ, ಅಲ್ಲಿಯವರೆಗೆ ಇರಲಿ ಎಂದ. ನಾನು ವಾದ ಮಾಡಿದೆ. ನಕ್ಕು ಕೈ ಮುಗಿದ. ಅಷ್ಟೆ.

ಬರುವಾಗ ಗುಡೂರಿನಲ್ಲಿ ಬಸ್ ನಿಂತಾಗ ಕಾಳವ್ವ ಕೇಳಿದಳು, "ಇನ್ನ ಯಾರ್ಯಾರ ತಗೋಬಹುದ್ರಿ ಅದನ್ನ?"

"ಮನಿಗೆ ಹೋಗಿ ಹೇಳ್ತೇನಿ."

ಹೇಳಲಿಲ್ಲ.

25 ಆಗಸ್ಟ್

ಶಾಲೆ ಬಿಟ್ಟು ನೇರ ಮಲಿಕಾಳಲ್ಲಿಗೆ. ಫೋಟೊ ಅಳಿಸಲು ಅರ್ಜಿ. ಕಾರಣ ಬರೆಯುವ ಜಾಗದಲ್ಲಿ ಮೂರು ಸಲ ಬರೆದು ಅಳಿಸಿದೆ. ‘ದುರ್ಬಳಕೆಯಾಗಿದೆ’ ಎಂದು ಬರೆದೆ — ಬಳಸಿಕೊಳ್ಳಿ ಎಂದು ಒಪ್ಪಿದವಳು ನಾನೇ. ‘ಅವರಿಗೆ ಇಷ್ಟವಿಲ್ಲ’ ಎಂದೆ — ಇಷ್ಟವಿದೆಯೇ ಎಂದು ಸರಿಯಾಗಿ ಕೇಳಿದ್ದೆನೇ? ಕೊನೆಗೆ ‘ಈ ಫೋಟೊವನ್ನು ಯಾರು ಏನು ಮಾಡಬಹುದೆಂದು ನಾನು ಅವರಿಗೆ ಪೂರ್ತಿ ತಿಳಿಸಿರಲಿಲ್ಲ’ ಎಂದು ಬರೆದು ಕಳಿಸಿದೆ.

ತಲೆನೋವು.

3 ಸೆಪ್ಟೆಂಬರ್

ಅರ್ಜಿಯ ಕೆಳಗೆ ಮೂರು ಮಾತು. ಲೈಸೆನ್ಸ್ ಹಿಂತೆಗೆಯಲು ಬರುವುದಿಲ್ಲ ಎಂದು ಒಬ್ಬರು. ಫೋಟೊದಲ್ಲಿರುವವರ ಮಾತಿಗೆ ಬೆಲೆ ಕೊಟ್ಟು ತೆಗೆದುಬಿಡೋಣ ಎಂದು ಇನ್ನೊಬ್ಬರು. ಮೂರನೆಯವರು ಯಾವ ದೇಶದವರೋ — ಎಳೆಗಳ ಈ ಜೋಡಣೆಯನ್ನು ಇಷ್ಟು ಸ್ಪಷ್ಟವಾಗಿ ಎಲ್ಲೂ ನೋಡಿಲ್ಲ, ಬೇರೆ ಚಿತ್ರ ಸಿಗಬಹುದೇ?

ಲಾಗ್ ಔಟ್ ಮಾಡಿದೆ.

9 ಸೆಪ್ಟೆಂಬರ್

ಅಳಿಸಿದ್ದಾರೆ. ಫೋಟೊ ಇದ್ದಲ್ಲಿ ಈಗ ಫೈಲಿನ ಹೆಸರು ಮಾತ್ರ, ಕೆಂಪು ಅಕ್ಷರದಲ್ಲಿ. ಯಾವುದೋ ಟೂರಿಸ್ಟ್ ಸೈಟಿನಲ್ಲಿ ಅದರ ಪ್ರತಿ ಇನ್ನೂ ಇದೆ. ಅವರಿಗೆ ಮೇಲ್ ಮಾಡಿದೆ, ಉತ್ತರವಿಲ್ಲ. ಮಲ್ಲುಗೆ ಹೇಳಿದೆ. "ಆತು ಬಿಡ್ರಿ," ಎಂದು ಒಳಗೆ ಹೋದ. ನಮ್ಮ ಕಡೆಗಿರುವ ಮಗ್ಗದ ಕಿಟಕಿಯನ್ನು ಕಾಳವ್ವ ತೆರೆಯದೆ ಹದಿನೈದು ದಿನವಾಯಿತು.

14 ಸೆಪ್ಟೆಂಬರ್, ಭಾನುವಾರ

ಇವತ್ತು ಹೇಳಿದೆ. ಮಗ್ಗದ ಪಕ್ಕ ನೆಲದ ಮೇಲೆ ಕೂತು, ಎಲ್ಲವನ್ನೂ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಮಾರಬಹುದು, ತಿದ್ದಬಹುದು. ಒಮ್ಮೆ ಕೊಟ್ಟರೆ ಕೊಟ್ಟಂತೆ. ಅಳಿಸಿದರೂ ಪೂರ್ತಿ ಅಳಿಯುವುದಿಲ್ಲ. ಕಾಳವ್ವ ಲಾಳಿ ಒಗೆಯುತ್ತಲೇ ಇದ್ದಳು.

"ಇದನ್ನ ಅವತ್ತ ಯಾಕ ಹೇಳಲಿಲ್ಲ?"

"ಬ್ಯಾಡ ಅಂತೀರಿ ಅಂತ."

"ಅಂತಿದ್ದೆ."

ಎದ್ದು ಹೋಗಬೇಕೆನ್ನಿಸಿತು, ಹೋಗಲಿಲ್ಲ. ಹೊರದೇಶದವರೊಬ್ಬರು ಕೊಂಡಿಯ ಫೋಟೊ ಕೇಳಿದ್ದನ್ನೂ ಹೇಳಿದೆ. ಮುಚ್ಚಿಡುವುದು ಇನ್ನೇನೂ ಉಳಿಯದಿರಲಿ ಎಂದು, ಅಷ್ಟೆ.

ಲಾಳಿ ನಿಂತಿತು.

"ಕೊಂಡಿ ಕೇಳ್ಯಾರ? ಮಾರಿ ಅಲ್ಲ?"

"ಕೊಂಡಿ."

"ಮಾರಿ ಬ್ಯಾಡ. ಕೈ ತಕ್ಕೋರಿ. ಅಗದಿ ಹತ್ರದಿಂದ. ಎಳಿ ಎಳಿ ಕಾಣಬೇಕು. ಅದಕ್ಕ ಬ್ಯಾರೆ ಸೀರಿ ಹಚ್ಚಲಿ, ನೋಡೂನು."

ಕ್ಯಾಮರಾ ತಂದೆ. ಮಲ್ಲು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಬೈಯುತ್ತಾನೆ ಅಂದುಕೊಂಡೆ. ಒಳಗೆ ಹೋಗಿ ಉದ್ದದ ವೈರಿಗೆ ಬಲ್ಬ್ ಹಾಕಿ ತಂದು, ಅವ್ವನ ಕೈಯ ಮೇಲೆ ಬೆಳಕು ಬೀಳುವಂತೆ ತೊಲೆಗೆ ಕಟ್ಟಿದ. ಹದಿನಾಲ್ಕು ತೆಗೆದೆ.

ನಿಮ್ಮ ಹೆಸರು ಹಾಕಲೇ ಎಂದು ಕೇಳಿದೆ. ಈ ಸಲ ಮೊದಲೇ ಕೇಳಿದೆ.

"ಹಾಕ್ರಿ. ಗುಲಾಬಬಿ ಹೆಸರೂ ಹಾಕ್ರಿ. ನಾ ಲಗ್ನ ಆಗಿ ಬಂದಾಗ ನಂಗ ಕೊಂಡಿ ಕಲಿಸಿದಾಕಿ. ತೀರಿಕೊಂಡು ಇಪ್ಪತ್ತ ವರ್ಷ ಆತು. ಅಕಿದೊಂದು ಫೋಟೊನೂ ಇಲ್ಲ."

21 ಸೆಪ್ಟೆಂಬರ್, ಭಾನುವಾರ. ಬೆಳಿಗ್ಗೆ 11.40

ಕೆಫೆಯಲ್ಲೇ ಬರೆಯುತ್ತಿದ್ದೇನೆ, ಅಪ್‌ಲೋಡ್ ತಿರುಗುತ್ತಿರುವಾಗ. ಕಾಳವ್ವನೂ ಬಂದಿದ್ದಾಳೆ. ನೆಟ್‌ನಲ್ಲಿ ಏನು ಬಿಡುತ್ತೇನೆಂದು ತಾನೇ ನೋಡಬೇಕಂತೆ. ಮಲಿಕಾ ತನ್ನ ಕುರ್ಚಿಯನ್ನೇ ಕೊಟ್ಟಳು.

ವಿವರಣೆ ಟೈಪ್ ಮಾಡಿದೆ: ‘ಸೆರಗಿಗೆ ಕೊಂಡಿ ಹಾಕುವುದು, ಇಳಕಲ್. ಕೈಗಳು ಕಾಳವ್ವನವು. ಕಲಿಸಿದವರು ಗುಲಾಬಬಿ.’ ಓದಿ ಹೇಳಿರಿ ಎಂದಳು. ಇನ್ನೊಮ್ಮೆ ಎಂದಳು.

ಐದು ಏರಿವೆ. ಆರನೆಯದು ತಿರುಗುತ್ತಿದೆ...

"ತಡೀರಿ, ತಡೀರಿ. ಇದನ್ನ ಬಿಡಬ್ಯಾಡ್ರಿ. ಎಳಿ ಅಡ್ಡ ಬಿದ್ದೈತಿ."

"ಯಾರಿಗೂ ಗೊತ್ತಾಗೂದಿಲ್ಲ ಕಾಳವ್ವ."

"ಇದನ್ನ ನೋಡಿ ಕಲತಾಕಿದು ಸೆರಗು ಹರೀತೈತ್ರಿ."

ನಿಲ್ಲಿಸಿದೆ. ಮುಂದಿನದನ್ನು ತೆರೆದು ತೋರಿಸಿದೆ. ಅದೂ ಬೇಡ. ಅದರ ಮುಂದಿನದೂ ಬೇಡ. ನಾಳೆ ಹೊತ್ತು ಹುಟ್ಟುವ ಮೊದಲೇ ಬನ್ನಿ, ಬೇರೆ ತೆಗೆಯೋಣ ಎನ್ನುತ್ತಾಳೆ. ನಾಳೆ ಏಳಕ್ಕೆ ಬಸ್, ಪೇಪರು ತಿದ್ದಿಲ್ಲ, ಸೊಂಟ ಹಿಡಿದಿದೆ. ಹೂಂ ಎಂದೆ. ಒಂಬತ್ತನೆಯದನ್ನು ತೆರೆದೆ. ಆಕೆ ಕನ್ನಡಕ ಮೇಲೇರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿ, ಬೆರಳಿನಿಂದ ಒಂದೊಂದೇ ಎಳೆ ಎಣಿಸುತ್ತ —