ಪರರ ಗೋಡೆಯ ಮೇಲೆ ಯಾನಿತ್ಸಾ

ಅಕ್ಟೋಬರ್ 12, ಪ್ಲೋವ್ದಿವ್

ಮಗಳು ಯಾನಿತ್ಸಾ ತೀರಿಕೊಂಡು ಇಂದಿಗೆ ಆರು ತಿಂಗಳು. ನಮ್ಮ ದೇಶದ ವಾಡಿಕೆಯಂತೆ ಅವಳ ಚಿತ್ರವಿರುವ ಸ್ಮರಣಪತ್ರವನ್ನು ನಮ್ಮ ಮನೆಬಾಗಿಲಿಗೆ ಅಂಟಿಸಬೇಕಿತ್ತು. ನಾನು ಅದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಎರಡು ದಿನದ ಪ್ರವಾಸಕ್ಕೆ ಹೊರಟುಬಂದೆ. ಈ ಊರನ್ನು ನೋಡೋಣವೆಂದು ಅವಳು ಪ್ರತಿವರ್ಷವೂ ಕೇಳುತ್ತಿದ್ದಳು. ಹಳೆಯ ಕಲ್ಲುಗಳಲ್ಲಿ ನೋಡುವುದೇನಿದೆ ಎಂದು, ಕಾಲೇಜಿನ ಚರ್ಚಾಪಟುವಾಗಿದ್ದ ನಾನು ಪ್ರತಿ ಸಲವೂ ವಾದದಲ್ಲಿ ಗೆದ್ದೆ.

ಮಧ್ಯಾಹ್ನ ಹಳೆಯ ರಂಗಮಂದಿರದ ಕೆಳಗಿನ ಬೀದಿಯಲ್ಲಿ, ಒಂದು ಮನೆಯ ಗೋಡೆಯ ಮೇಲಿದ್ದ ಅಪರಿಚಿತರ ಸ್ಮರಣಪತ್ರಗಳ ನಡುವೆ ಅವಳದನ್ನು ಅಂಟಿಸಿದೆ. ಆ ಮನೆಯ ಮುದುಕಿ ಹೊರಬಂದಳು.

"ಏನ್ರೀ, ಇದು ನಮ್ಮ ಬೀದಿಯೋರ ಗೋಡೆ. ಈ ಹುಡುಗೀನ ನಾನು ನೋಡೇ ಇಲ್ವಲ್ಲ?"

"ಹೌದಮ್ಮ. ಬರ್ಬೇಕು ಅಂತಿದ್ಲು. ನಾನೇ ಕರ್ಕೊಂಡು ಬರ್ಲಿಲ್ಲ."

ಮುದುಕಿ ಚಿತ್ರದ ಹತ್ತಿರ ಬಂದು ನೋಡಿದಳು.

"ಮೂಲೆ ಎದ್ದಿದೆ, ಗಟ್ಟಿಯಾಗಿ ಒತ್ತಪ್ಪ. ಇಲ್ಲಿ ಗಾಳಿ ಜಾಸ್ತಿ."

ಒತ್ತಿದೆ. ಅಂಟು ಒಣಗಿದ ಮೇಲೂ ಬೆರಳು ತೆಗೆಯಲಾಗಲಿಲ್ಲ. ತೆಗೆದರೆ ನಾನು ಊರಿಗೆ ಮರಳಬೇಕು, ಅವಳು ಇಲ್ಲಿ ಒಬ್ಬಳೇ ಉಳಿಯುತ್ತಾಳೆ.