ಒಂದು ತಲೆಗೆ ಬೀಳುವ ಖರ್ಚು

ಕೆಂಚನಕಟ್ಟೆ, ಕಡೂರು ತಾಲ್ಲೂಕು
ಶನಿವಾರ, 16-11-2024

ಪ್ರೀತಿಯ ಮಗಳು ಸ್ಫೂರ್ತಿಗೆ, ನಿಮ್ಮಪ್ಪ ಮಾಡುವ ಆಶೀರ್ವಾದಗಳು.

ಹೇಗಿದ್ದೀಯವ್ವಾ? ಕಾಲಿನ ಊತ ಇಳಿಯಿತೇ? ಏಳು ತಿಂಗಳ ಬಸುರಿ, ಬಟ್ಟೆಯ ಬಕೆಟ್ಟು ಎತ್ತಿಕೊಂಡು ಮಹಡಿ ಹತ್ತಬೇಡ. ಅಳಿಯಂದಿರಿಗೆ ನಾನೇ ಹೇಳಿದೆನೆಂದು ಹೇಳು, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಇಲ್ಲಿ ನಿಮ್ಮಮ್ಮ ಹಾಗೇ ಇದ್ದಾಳೆ. ಬಲಗೈ, ಬಲಗಾಲು ಏಳುವುದಿಲ್ಲ, ಮಾತೂ ಬಂದಿಲ್ಲ. ಗಂಜಿ ಕುಡಿಸಿದರೆ ಅರ್ಧ ಸೆರಗಿಗೆ ಹೋಗುತ್ತದೆ. ಕಿವಿ ಮಾತ್ರ ಮೊದಲಿಗಿಂತ ಚುರುಕು. ಅದಕ್ಕೇ ಈ ಕಾಗದ. ಫೋನು ಮಾಡಿದಾಗಲೆಲ್ಲ "ಅಪ್ಪಾ, ಅಮ್ಮ ಬಿ.ಪಿ. ಮಾತ್ರೆ ಬಿಟ್ಟಿದ್ಲಾ?" ಎಂದು ಕೇಳುತ್ತೀಯ, ನಾನು ಏನೋ ಹೇಳಿ ಹಾರಿಸಿಬಿಡುತ್ತೇನೆ. ಪಕ್ಕದಲ್ಲೇ ಮಲಗಿದವಳ ಎದುರಿಗೆ ಹೇಳುವುದು ಹೇಗೆ? ಹೊರಗೆ ಹೋಗಿ ಮಾತಾಡಿದರೆ ಗೋಡೆ ತಟ್ಟಿ ಕರೆಯುತ್ತಾಳೆ.

ಬಿಟ್ಟಿದ್ದಳು ಕಣವ್ವಾ. ತಿಂಗಳ ಮೇಲಾಗಿತ್ತು.

ಆಷಾಢದಲ್ಲಿ ಒಬ್ಬ ಸಾಹೇಬರು ಜೀಪಿನಲ್ಲಿ ನಮ್ಮೂರ ಆಸ್ಪತ್ರೆಗೆ ಬಂದಿದ್ದರು. ಆಸ್ಪತ್ರೆ ಅಂದರೆ ನಿನಗೆ ಗೊತ್ತಲ್ಲ, ಎರಡು ಕೋಣೆ, ಒಬ್ಬರು ಕೋಮಲಾ ಸಿಸ್ಟರ್, ವಾರಕ್ಕೆ ಎರಡು ದಿನ ಡಾಕ್ಟರು. ದಿನಕ್ಕೆ ಹತ್ತು ಜನ ಬಂದರೆ ಹೆಚ್ಚು. ಸಾಹೇಬರು ಸಂಬಳ, ಕರೆಂಟು, ಔಷಧಿ ಎಲ್ಲ ಕೂಡಿ, ಬಂದ ಜನರಿಗೆ ಭಾಗ ಮಾಡಿ, "ಒಂದು ತಲೆಗೆ ಖರ್ಚು ವಿಪರೀತ ಬೀಳ್ತಿದೆ, ಹಿಂಗಾದ್ರೆ ಮುಚ್ಚಬೇಕಾಗ್ತದೆ" ಎಂದು ಜಗುಲಿಯ ಮೇಲೆ ನಿಂತು ಹೇಳಿದರು. ಮಾತ್ರೆ ತರಲು ಹೋಗಿದ್ದ ನಿಮ್ಮಮ್ಮ ಕೇಳಿಸಿಕೊಂಡಳು. ಮನೆಗೆ ಬಂದವಳು ಕೈಚೀಲವನ್ನೂ ಕೆಳಗಿಡಲಿಲ್ಲ. "ನನ್ ಮಗಳ ಬಾಣಂತನ ಇಲ್ಲೇ ಆಗ್ಬೇಕು, ಮಗೀಗೆ ಸೂಜಿ ಇಲ್ಲೇ ಹಾಕಿಸ್ಬೇಕು. ಅದ್ಯಾವನ್ ಮುಚ್ತಾನೋ ನೋಡೇಬಿಡ್ತೀನಿ!"

ಮಾರನೆಯ ದಿನದಿಂದ ಮನೆಮನೆ ಹತ್ತಿಳಿದಳು. "ಲೇ ಭಾಗಿ, ಡೈರಿಗೆ ಹಾಲು ಹಾಕ್ಬುಟ್ಟು ಹಂಗೇ ಆಸ್ಪತ್ರೆಗೆ ಹೋಗಿ ಬಿ.ಪಿ. ನೋಡಿಸ್ಕಂಡ್ ಬಾರೇ, ನಿನ್ ಗಂಟೇನ್ ಹೋಗ್ತದೆ?" ನಾನು ನಕ್ಕೆ. ಆದರೆ ಅವಳ ಮಾತನ್ನು ಊರಿನಲ್ಲಿ ಯಾರು ತೆಗೆದುಹಾಕುತ್ತಾರೆ? ಹೆಂಗಸರೆಲ್ಲ ಸಾಲುಗಟ್ಟಿದರು. ಒಬ್ಬಳಿಗೆ ತಲೆಸುತ್ತು, ಒಬ್ಬಳಿಗೆ ಮಂಡಿನೋವು. ದಡಬಡ ನಡೆದು ಬಂದವರಿಗೆ ಬಿ.ಪಿ. ಏರದೆ ಇರುತ್ತದೆಯೇ? ಡಾಕ್ಟರು ಬರೆದರು, ಸಿಸ್ಟರ್ ಕೊಟ್ಟರು. ನಾನೂ ಎರಡು ಸಲ ಹೋಗಿ ಇಲ್ಲದ ಸೊಂಟನೋವು ಹೇಳಿ ಬಂದೆ. ದಿನಕ್ಕೆ ನಲವತ್ತು ಜನ! ನಿಮ್ಮಮ್ಮನ ಸಂಭ್ರಮ ನೋಡಬೇಕಿತ್ತು ನೀನು.

ಔಷಧಿ ಬರುತ್ತಿದ್ದದ್ದು ಮಾತ್ರ ಹಳೆಯ ಹತ್ತು ಜನರ ಲೆಕ್ಕಕ್ಕೇ. ಗೌರಿ ಹಬ್ಬದ ಹೊತ್ತಿಗೆ ಬಿ.ಪಿ. ಮಾತ್ರೆ ಖಾಲಿಯಾಗಿತ್ತು. ಕಡೂರಿನ ಅಂಗಡಿಯಲ್ಲಿ ಒಂದು ಪಟ್ಟಿ ಮಾತ್ರೆಗೆ ನನ್ನ ಬಸ್ ಚಾರ್ಜಿನಷ್ಟೂ ಆಗುವುದಿಲ್ಲ. ನನಗೊಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಪಕ್ಕದ ಬೀದಿಯ ಭಾಗಮ್ಮನ ಹತ್ತಿರ ಅಂದಿದ್ದಳಂತೆ: "ಊರೋರ್ನೆಲ್ಲಾ ಇಲ್ಲಿಗೆ ಕರ್ದು ನಾನೇ ಅಂಗ್ಡಿಗೆ ಹೋದ್ರೆ ಮುಖ ಎಲ್ಲಿಟ್ಕಳ್ಳಿ? ಹೊಸಾವು ಬತ್ತವೆ, ಕಾಯ್ತೀನಿ." ಕಾದಳು. ಆಯುಧಪೂಜೆಯ ಹಿಂದಿನ ದಿನ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಹಾಗೇ ಒರಗಿಬಿಟ್ಟಳು. ಲಕ್ವ ಹೊಡೆದಿತ್ತು.

ಮುಂದಿನದನ್ನು ನೀನೇ ಬಂದು ನೋಡಿಕೊಂಡು ಹೋದೆ. ನೀನು ಹೋದ ಮೇಲೆ ಭಾಗಮ್ಮ ಒಂದು ಡಬ್ಬಿ ಹಿಡಿದುಕೊಂಡು ಬಂದಳು. ಅದರ ತುಂಬ ಬಿ.ಪಿ. ಮಾತ್ರೆ. "ನಂಗೆಲ್ಲೈತೆ ಕಾಯ್ಲೆ, ನುಂಗ್ಲಿಲ್ಲ ಕಣಣ್ಣಾ, ಎಸೆಯಾಕೂ ಮನಸ್ ಬರ್ಲಿಲ್ಲ" ಎಂದು ಬಾಗಿಲಲ್ಲೇ ಕೂತು ಅತ್ತಳು. ಎದುರು ಮನೆಯ ಸುಲೋಚನಮ್ಮನ ಹತ್ತಿರವೂ ಇತ್ತು. ಇನ್ನೂ ಯಾರ ಯಾರ ಮನೆಯಲ್ಲಿತ್ತೋ, ನಾನು ಕೇಳಲು ಹೋಗಲಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿತ್ತು ಅವಳ ಮಾತ್ರೆ! ಯಾರನ್ನು ಬಯ್ಯಲಿ ಹೇಳು? ಬಂದವರೆಲ್ಲ ಅವಳ ಮುಖ ನೋಡಿ ಬಂದವರು.

ಸಾಹೇಬರು ಮತ್ತೆ ಬಂದಿದ್ದರು. ಈಗ ವರ್ಷದ ಔಷಧಿ ಎರಡೇ ತಿಂಗಳಲ್ಲಿ ಮುಗಿದು ಖರ್ಚು ಮಿತಿ ಮೀರಿತಂತೆ. ಜನ ಬರದಿದ್ದರೆ ತಲೆ ಖರ್ಚು ಜಾಸ್ತಿ, ಬಂದರೆ ಔಷಧಿ ಖರ್ಚು ಜಾಸ್ತಿ. ಹಾಗಾದರೆ ನಾವು ಏನು ಮಾಡಬೇಕಿತ್ತು, ಅದನ್ನಾದರೂ ಹೇಳಿ ಹೋಗಬಾರದಿತ್ತೇ ಆ ಮಹಾರಾಯ? ಕಳೆದ ಸೋಮವಾರ ಬೀಗ ಹಾಕಿದರು. ಕೋಮಲಾ ಸಿಸ್ಟರನ್ನು ಬೇರೆ ಕಡೆಗೆ ಹಾಕಿದ್ದಾರೆ. ಹೋಗುವ ಮುಂಚೆ ಬಂದು ನಿಮ್ಮಮ್ಮನ ಬಿ.ಪಿ. ನೋಡಿ, ಹೊದಿಕೆ ಸರಿಮಾಡಿ ಹೋದರು. ಸೋತುಹೋಗಿದ್ದೇನೆ ಮಗಳೇ.

ಅಳಿಯಂದಿರಿಗೂ ನಿಮ್ಮತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ಹೊಟ್ಟೆಯೊಳಗಿನ ಕೂಸು ಗಟ್ಟಿಮುಟ್ಟಾಗಿ ಬರಲಿ.

ಇತಿ, ನಿಮ್ಮಪ್ಪ
ಹನುಮಂತಪ್ಪ

ವಿ.ಸೂ.: ಪೋಸ್ಟಿನ ಈರಪ್ಪ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆದು ಮುಗಿಸುತ್ತೇನೆ. ಬೀಗ ಬಿದ್ದದ್ದು ನಿಮ್ಮಮ್ಮನಿಗೆ ಗೊತ್ತಿಲ್ಲ. ದಿನಾ ಸಂಜೆ ಎಡಗೈ ಬೆರಳು ಬಿಡಿಸಿ, ಇವತ್ತು ಎಷ್ಟು ಜನ ಎಂದು ಕೇಳುತ್ತಾಳೆ. ನಾನು ನಲವತ್ತು, ನಲವತ್ತೈದು ಎನ್ನುತ್ತೇನೆ. ಆಗ ಮುಖ ಅರಳುತ್ತದೆ, ಎರಡು ಗುಟುಕು ಗಂಜಿ ಹೆಚ್ಚಿಗೆ ಕುಡಿಯುತ್ತಾಳೆ. ನೀನು ಬಾಣಂತನಕ್ಕೆ ಬರುವಾಗ ಬಸ್ಸು ಆಸ್ಪತ್ರೆಯ ಮುಂದೆಯೇ ನಿಲ್ಲುತ್ತದೆ. ಬೀಗ ನೋಡಿ ಅಳು ಬಂದರೆ ಅಲ್ಲೇ ಅತ್ತು, ಮುಖ ಒರೆಸಿಕೊಂಡು ಮನೆಗೆ ಬಾ. ಬರುವ ಹಾದಿಯಲ್ಲಿ ಸಿಸ್ಟರ್ ಹತ್ತಿರ ಬಿ.ಪಿ. ನೋಡಿಸಿಕೊಂಡು ಬಂದೆ ಅನ್ನು. ಎಷ್ಟು ಜನ ಇದ್ದರು ಎಂದು ಬೆರಳು ಬಿಡಿಸಿ ಕೇಳೇ ಕೇಳುತ್ತಾಳೆ. ಕೂರೋಕೆ ಜಾಗಾನೇ ಇರ್ಲಿಲ್ಲ ಕಣಮ್ಮಾ ಅಂದುಬಿಡು.