ತಂಬೂರಿ ಅಳಿಸಿದ ತಮ್ಮ

ಅಕ್ಕಾ,

ನಿನ್ನ ತಮ್ಮ ಧಾರವಾಡದಲ್ಲಿ ಹೆಸರು ಮಾಡಿದ. ಸಂಗೀತದ ಗುರು ತಾರಾಬಾಯಿಯವರ ವೆಬ್‌ಸೈಟಿಗೆಂದು ಅವರ ಹಾಡಿಕೆಯನ್ನು ರೆಕಾರ್ಡ್ ಮಾಡುವಾಗ, ಫ್ಯಾನಿನ ಸದ್ದು ಬೇಡವೆಂದು ಗದ್ದಲ ಅಳಿಸುವ ಫಿಲ್ಟರ್ ಹಾಕಿದೆ. ಅದು ತಂಬೂರಿಯನ್ನೂ ಫ್ಯಾನೆಂದೇ ತಿಳಿದು ಪೂರ್ತಿ ಅಳಿಸಿಬಿಟ್ಟಿದೆ. ಮನುಷ್ಯರ ದನಿಯನ್ನು ಮಾತ್ರ ಮುಟ್ಟಿಲ್ಲ. ಇಲ್ಲಿ ಕೇಳುಗರು ನಡುನಡುವೆ ‘ವಾಹ್’ ಎನ್ನಬೇಕಂತೆ. ನಾನು ಸಿಕ್ಕಸಿಕ್ಕಲ್ಲಿ ಅಂದದ್ದೆಲ್ಲ ಗಂಟೆ ಹೊಡೆದಂತೆ ಉಳಿದಿದೆ! ಶಿಷ್ಯರೆಲ್ಲ ಕೂತು ಕೇಳಿದರು. ಬಾಯಿಯವರು ನನಗೆ ಚಹಾ ಕೊಟ್ಟು ಮೆಲ್ಲಗೆ ಹೇಳಿದರು:

“ಫ್ಯಾನ್ ಇದ್ರ ಇರಲಿ ಬಿಡ್ರಿ. ನಾ ಮತ್ತೊಮ್ಮೆ ಹಾಡ್ತೇನಿ. ನೀವಷ್ಟ ಹೊರಗ ಕೂಡ್ರಿ.”

ಆರೋಗ್ಯ ನೆಟ್ಟಗಿದೆ, ರೊಟ್ಟಿ ಒಗ್ಗಿದೆ, ಚಟ್ನಿಪುಡಿ ಇನ್ನೂ ಉರಿಸುತ್ತಿದೆ. ಒಳಗೆ ಹಾಡು ಶುರುವಾಯಿತು. ಈ ಕಾರ್ಡನ್ನು ಅವರ ಮನೆಯ ಕಟ್ಟೆಯ ಮೇಲೆ ಕೂತು, ಬಾಯಿ ಮುಚ್ಚಿಕೊಂಡು ಬರೆದಿದ್ದೇನೆ.

ಸುಶ್ರುತ